ಗದರಿದರೆ ಇನ್ನಷ್ಟು ಒದ್ದೆ

2024 ನವೆಂಬರ್ 17, ಭಾನುವಾರ

ಇಂದು ಭಾವ ಬಂದಿದ್ದರು. ಎತ್ತರದ ಆಳು, ದೊಡ್ಡ ದನಿ, ನಾಯಿಯೆಂದರೆ ಪ್ರಾಣ. ನಮ್ಮ ನಾಯಿಮರಿ ಚಿನ್ನಿಗೆ ಇಂಥವರ ಪ್ರೀತಿಯೇ ಕಷ್ಟ. ಕಳೆದ ಸಲ ಬಾಗಿಲಲ್ಲೇ ಅವಳ ಮೇಲೆ ಬಾಗಿ ತಲೆ ಸವರಲು ಕೈ ಚಾಚಿದ್ದರು. ಅವಳು ಕಿವಿ ಹಿಂದಕ್ಕೆ ಮಡಚಿ, ಬಾಲವನ್ನು ಹೊಟ್ಟೆಯಡಿ ಸೇರಿಸಿ, ಅಂಗಾತ ಬಿದ್ದು ಅಲ್ಲೇ ಉಚ್ಚೆ ಹೊಯ್ದಿದ್ದಳು. "ಹೊರಗೆ ಹೋಗುವುದನ್ನು ಇನ್ನೂ ಕಲಿಸಿಲ್ಲವೇ?" ಎಂದಿದ್ದರು.

ಕಲಿತಿದ್ದಾಳೆ. ರಾತ್ರಿಯಿಡೀ ತಡೆದುಕೊಳ್ಳುತ್ತಾಳೆ. ಇದು ಬೇರೆಯೇ ಸಂಗತಿ. ಹುಟ್ಟಿದ ಮೊದಲ ವಾರಗಳಲ್ಲಿ ತಾಯಿ ನೆಕ್ಕಿದರೇನೇ ಮರಿಗೆ ಮೂತ್ರ ಬರುವುದು. ಬೆಳೆದ ಮೇಲೂ ಹೆದರಿದ ನಾಯಿ ಅದೇ ಎಳೆಮರಿಯ ಭಂಗಿಗೆ ಮರಳಿ, 'ನಾನು ಚಿಕ್ಕವಳು, ನನಗೆ ಏನೂ ಮಾಡಬೇಡಿ' ಎಂದು ಬೇಡಿಕೊಳ್ಳುತ್ತದೆ. ಹಟವಲ್ಲ, ಸೇಡಲ್ಲ, ತಡೆಯುವುದು ಅದರ ಕೈಯಲ್ಲಿಲ್ಲ. ಒದ್ದೆ ನೆಲಕ್ಕೆ ಮೂತಿ ಒತ್ತಿ ಬುದ್ಧಿ ಕಲಿಸಿ ಎನ್ನುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಬೇಡಿಕೊಳ್ಳುತ್ತಿರುವ ಜೀವವನ್ನು ಗದರಿದರೆ ಅದು ಇನ್ನೂ ಹೆಚ್ಚು ಬೇಡಿಕೊಳ್ಳುತ್ತದೆ, ಇನ್ನೂ ಹೆಚ್ಚು ಹೊಯ್ಯುತ್ತದೆ.

ಪಶುವೈದ್ಯರಿಗೆ ಮೊದಲೇ ತೋರಿಸಿದ್ದೆವು. ಮೂತ್ರದ ಸೋಂಕಿದ್ದರೂ ನಾಯಿ ಕಂಡಕಂಡಲ್ಲಿ ಹೊಯ್ಯುತ್ತದೆ; ಆಗ ಔಷಧಿ ಬೇಕೇ ಹೊರತು ತರಬೇತಿಯಲ್ಲ. ಚಿನ್ನಿಗೆ ಅಂಥದ್ದೇನೂ ಇರಲಿಲ್ಲ.

ಈ ಸಲ ಭಾವನಿಗೆ ಫೋನಿನಲ್ಲೇ ಹೇಳಿಟ್ಟಿದ್ದೆ: "ಅವಳನ್ನು ಕರೆಯಬೇಡಿ, ಕಣ್ಣಿಗೆ ಕಣ್ಣು ಸೇರಿಸಬೇಡಿ. ಅಂಗಳದಲ್ಲೇ ಕುಳಿತುಬಿಡಿ." ಪಾಪ, ಅಕ್ಷರಶಃ ಪಾಲಿಸಿದರು. ಮೆಟ್ಟಿಲ ಮೇಲೆ ಪಕ್ಕಕ್ಕೆ ತಿರುಗಿ ಕುಳಿತು, ನನ್ನೊಡನೆ ಮೆಲ್ಲಗೆ ಮಾತಾಡುತ್ತಾ, ತಿನಿಸಿನ ತುಣುಕುಗಳನ್ನು ತಮ್ಮಿಂದ ದೂರಕ್ಕೆ ಎಸೆಯುತ್ತಿದ್ದರು. ಚಿನ್ನಿ ತುಣುಕು ಹೆಕ್ಕುತ್ತಾ ಹತ್ತಿರ ಬಂದಳು, ಬೂಟು ಮೂಸಿದಳು, ಹಿಂದೆ ಸರಿದಳು, ಮತ್ತೆ ಬಂದಳು. ಕಾಯುವುದು ಭಾವನ ಸ್ವಭಾವವಲ್ಲ, ಆದರೂ ಕಾದರು. ಕೊನೆಗೆ ಅವಳೇ ಮೊಣಕಾಲಿಗೆ ಮೂತಿ ತಾಗಿಸಿದಾಗ, ಕೈಯನ್ನು ತಲೆಯ ಮೇಲಿನಿಂದ ತರದೆ ಕೆಳಗಿನಿಂದ ತಂದು ಎದೆ ಕೆರೆದರು. ಅವಳು ತುಟಿ ನೆಕ್ಕಿಕೊಂಡು ಮುಖ ತಿರುಗಿಸಿದಳು, ಕಸಿವಿಸಿಯ ಗುರುತು. "ಈಗ ಸಾಕು, ಭಾವ" ಎಂದೆ, ಕೈ ತೆಗೆದರು. ನೆಲ ಒಣಗಿಯೇ ಇತ್ತು!

ಅವರು ಎದ್ದು ನಿಂತಾಗ ಮಾತ್ರ ಚಿನ್ನಿ ಕುಗ್ಗಿ ಒಂದೆರಡು ಹನಿ ಬಿಟ್ಟಳು. ಯಾರೂ ಏನೂ ಅನ್ನಲಿಲ್ಲ. ಅಯ್ಯೋ ಎಂದು ಮುದ್ದಿಸಲು ಹೋದರೂ ಮೈಮೇಲೆ ಬಾಗಿದಂತೆಯೇ ಆಗುತ್ತದೆ. ಅವಳು ಒಳಗೆ ಹೋದ ಮೇಲೆ ಮೂತ್ರದ ವಾಸನೆ ಕಳೆಯುವ ಎಂಜೈಮ್ ದ್ರಾವಣದಿಂದ ಒರೆಸಿದೆ. ಅಮೋನಿಯಾ ಇರುವ ಕ್ಲೀನರ್ ಬಳಸುವುದಿಲ್ಲ, ಅದರ ವಾಸನೆ ಮೂತ್ರದ್ದನ್ನೇ ಹೋಲುತ್ತದೆ.

ಅವಳಿಗಿನ್ನೂ ಎಂಟು ತಿಂಗಳು. ಎಷ್ಟೋ ಮರಿಗಳು ವರ್ಷ ತುಂಬುವ ಹೊತ್ತಿಗೆ ಇದನ್ನು ತಾವಾಗಿಯೇ ಬಿಡುತ್ತವೆ. ಅಲ್ಲಿಯವರೆಗೆ ನಾವೂ ಹೊರಗಿನಿಂದ ಬಂದಾಗ ಸಡಗರ ಮಾಡದೆ ಸುಮ್ಮನೆ ಒಳಗೆ ಹೋಗುತ್ತೇವೆ. ಅವಳು ಶಾಂತಳಾದ ಮೇಲೆ "ಕೂರು" ಎಂದು ಹೇಳಿ, ಕೂತರೆ ತಿನಿಸು.

ಮುಂದಿನ ಭಾನುವಾರ ಅಕ್ಕ ಮಕ್ಕಳನ್ನು ಕರೆತರುತ್ತಾಳೆ. ಓಡಿ ಬಂದು ತಬ್ಬಿಕೊಳ್ಳುವ ಮಕ್ಕಳು. ಅವರಿಗೆ ಹೇಗೆ ಕೂರಬೇಕೆಂದು ತಾವೇ ತೋರಿಸಿಕೊಡುವುದಾಗಿ ಭಾವ ಒಪ್ಪಿಕೊಂಡು ಹೋಗಿದ್ದಾರೆ.