ಗರಗಸ ತಿಂದ 2.4 ಮಿಲಿಮೀಟರ್

ಡ್ರಾಯಿಂಗ್ ಕ್ಲಾಸಿಗೆ ಅಂತ ಓರೆಯಾಗಿ ಎರಡು ತುಂಡು ಮಾಡಿದ ಮರದ ಪಿರಮಿಡ್ಡಿನ ಆರೂ ಅಂಚು ಕೊನೆಗೂ ನೇರ ಬಂದವು. ನಿನ್ನೆ ರಾತ್ರಿ ಸ್ಟೀಲ್ ಸ್ಕೇಲನ್ನು ಒಂದೊಂದೇ ಅಂಚಿಗೆ ಆನಿಸಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಎಲ್ಲೂ ಬೆಳಕು ನುಸುಳಲಿಲ್ಲ. ಎರಡು ತಿಂಗಳಿಂದ ತಲೆಯಲ್ಲಿ ಇದೊಂದೇ ಕೊರೆಯುತ್ತಿತ್ತು. ಹೊರಗೆ ಆರಿದ್ರಾ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಮನೆಯವರೆಲ್ಲ ಮಲಗಿದ್ದರು. ನಾನು ಆ ಮರದ ತುಂಡನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಕೂತೆ.

ಯಾಕಿಷ್ಟು ಖುಷಿ ಅಂದರೆ, ಸೆಕ್ಷನ್ ಆಫ್ ಸಾಲಿಡ್ಸ್ (ಘನವಸ್ತುವನ್ನು ಕತ್ತರಿಸಿದರೆ ಹೇಗೆ ಕಾಣುತ್ತದೆ ಅಂತ ಬರೆಯುವ) ಪಾಠದಲ್ಲಿ ಪ್ರತಿ ವರ್ಷ ಅರ್ಧ ಕ್ಲಾಸ್ ನನ್ನ ಕೈತಪ್ಪಿ ಹೋಗುತ್ತದೆ. ಶೀಟ್ ಮೇಲೆ ಎಲ್ಲವೂ ಸರಿ ಇರುತ್ತದೆ. ಒಂದು ನೋಟದಿಂದ ಇನ್ನೊಂದಕ್ಕೆ ಪ್ರೊಜೆಕ್ಟರ್ ಗೆರೆ ಎಳೆಯುತ್ತಾರೆ, ಕತ್ತರಿಸಿದ ಮುಖಕ್ಕೆ ಹ್ಯಾಚಿಂಗ್ ಗೆರೆಗಳನ್ನು 45 ಡಿಗ್ರಿಗೆ ಹಾಕುತ್ತಾರೆ, ಟ್ರೂ ಶೇಪ್, ಅಂದರೆ ಆ ಮುಖದ ನಿಜವಾದ ಆಕಾರ ಕೂಡ ಬರುತ್ತದೆ. ಆದರೆ 'ಕತ್ತರಿಸಿದ ಮುಖ ಎಲ್ಲಿದೆ, ಬೆರಳಿಟ್ಟು ತೋರಿಸು' ಅಂದರೆ ಬೆರಳು ಗಾಳಿಯಲ್ಲೇ ನಿಂತುಬಿಡುತ್ತದೆ. ಗೆರೆ ಎಳೆಯುವ ಕ್ರಮ ಬಾಯಿಪಾಠ ಆಗಿದೆ, ವಸ್ತು ಕಣ್ಣಿಗೆ ಬಂದಿಲ್ಲ. ವಸ್ತುವನ್ನು ಹೀಗೆ ಮನಸ್ಸಿನಲ್ಲೇ ಕಾಣುವುದು ಹುಟ್ಟಿನಿಂದ ಬರುವ ಶಕ್ತಿ, ಕಲಿಸಲು ಆಗುವುದಿಲ್ಲ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಮಿಷಿಗನ್ ಟೆಕ್‌ನಲ್ಲಿ ಶೆರಿಲ್ ಸಾರ್ಬಿ 1993ರಿಂದ ಇದಕ್ಕೇ ಅಂತ ಒಂದು ಕೋರ್ಸ್ ನಡೆಸಿ, ಅಭ್ಯಾಸದಿಂದ ಇದು ಬರುತ್ತದೆ ಅಂತ ತೋರಿಸಿದ್ದಾರೆ. ಕೈಯಲ್ಲಿ ಹಿಡಿಯಬೇಕು, ಕೈಯಲ್ಲೇ ಸ್ಕೆಚ್ ಮಾಡಬೇಕು, ಅಷ್ಟೇ.

ಹಾಗಾಗಿ ಕತ್ತರಿಸಿ, ಬಿಚ್ಚಿ, ಮತ್ತೆ ಕೂಡಿಸುವ ಮರದ ಮಾದರಿಗಳು. ಸಿಲಿಂಡರ್ ಮತ್ತು ಪ್ರಿಸಂ ಏಪ್ರಿಲ್‌ನಲ್ಲೇ ಮುಗಿದವು. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಮಾಡುವವರಿಗೆ ಗೊತ್ತಿರುವ ಕೆಲಸವೇ. ಮರ ಶಿವನೆ. ಸಾಗರದ ಗುಡಿಗಾರರೊಬ್ಬರು ಕೆತ್ತನೆಯಲ್ಲಿ ಉಳಿದ ತುಂಡುಗಳನ್ನು ಕೊಟ್ಟರು. ಹಗುರ, ಮೆದು, ಮಳೆಗಾಲದಲ್ಲೂ ಅಷ್ಟಾಗಿ ಸೊಟ್ಟಗಾಗುವುದಿಲ್ಲ. ತ್ರೀಡಿ ಪ್ರಿಂಟ್ ಯಾಕೆ ಮಾಡಲಿಲ್ಲ ಅಂತ ಕೇಳುತ್ತೀರಿ. ಒಂದು, ನಮ್ಮ ಮಳೆಯಲ್ಲಿ ಫಿಲಮೆಂಟ್ (ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ದಾರ) ತೇವ ಕುಡಿದು ನೂಲು ನೂಲಾಗಿ ಬರುತ್ತದೆ. ಎರಡು, ಮರದಲ್ಲಿ ಎಳೆಗಳು ಕೆಳಗಿನ ತುಂಡಿನಿಂದ ಮೇಲಿನ ತುಂಡಿಗೆ ಹರಿದು ಹೋಗಿರುತ್ತವೆ. ಇದು ಒಂದೇ ವಸ್ತುವಾಗಿತ್ತು ಅಂತ ಹುಡುಗರಿಗೆ ನಾನು ಹೇಳಬೇಕಾಗಿಲ್ಲ.

ಇನ್ನು ಪಿರಮಿಡ್ ಕಥೆ. ಲೆಕ್ಕ ಹೀಗಿದೆ: ಷಟ್ಕೋನದ ತಳ, ಬದಿ 30, ಎತ್ತರ 65, ವಿಪಿಗೆ (ಗೋಡೆಯಂತೆ ನಿಂತ ಸಮತಲ) ಲಂಬವಾಗಿ ಹೆಚ್‌ಪಿಗೆ (ನೆಲದಂತೆ ಮಲಗಿದ ಸಮತಲ) 45 ಡಿಗ್ರಿ ಓರೆಯಾದ ಕಟಿಂಗ್ ಪ್ಲೇನ್, ಅಂದರೆ ಕತ್ತರಿಸುವ ಸಮತಲ, ಅಕ್ಷವನ್ನು ತಳದಿಂದ 40 ಮಿಮೀ ಎತ್ತರದಲ್ಲಿ ಕಡಿಯುತ್ತದೆ. ಮಾದರಿ ಇದರ ಎರಡರಷ್ಟು, ಬದಿ 60, ಎತ್ತರ 130. ಬಡಗಿ ಅಂಗಡಿಯ ಟೇಬಲ್ ಸಾದಲ್ಲಿ ಕತ್ತರಿಸಿ, ಎರಡು ತುಂಡು ಸೇರಿಸಿದೆ. ಕೂರಲಿಲ್ಲ. ಎಡಗಡೆ ಅಂಚಿನಲ್ಲಿ ಮೇಲಿನ ತುಂಡು 2 ಮಿಮೀಗಿಂತ ಜಾಸ್ತಿ ಒಳಗೆ, ಬಲಗಡೆ ಸುಮಾರು 1 ಮಿಮೀ ಹೊರಗೆ. ಕತ್ತರಿಸಿದ್ದೇ ಸೊಟ್ಟ ಅಂದುಕೊಂಡು ಇನ್ನೊಂದು ಮಾಡಿದೆ. ಅದೇ ಕಥೆ. ಮೂರನೆಯದೂ ಅಷ್ಟೇ, ಅಷ್ಟೇ ಒಳಗೆ, ಅಷ್ಟೇ ಹೊರಗೆ.

ಮೂರು ಸಲವೂ ಒಂದೇ ಅಳತೆಯ ತಪ್ಪು ಬಂದರೆ ಅದು ಕೈಯ ತಪ್ಪಲ್ಲ. ಬಡಗಿಯವರೇ ದಾರಿ ತೋರಿಸಿದರು. 'ಮೇಷ್ಟ್ರೇ, ಗರಗಸ ತಿಂದಿದ್ದನ್ನ ಲೆಕ್ಕಕ್ಕೆ ತಗೊಂಡ್ರಾ?' ಅಂದರು. ವರ್ನಿಯರ್ ಇಟ್ಟು ನೋಡಿದೆ. ಬ್ಲೇಡ್ ಹಾದ ಜಾಡು 2.4 ಮಿಮೀ ಅಗಲ. ಅಷ್ಟು ಮರ ಹುಡಿಯಾಗಿ ಹೋಗಿದೆ. ಮೇಲಿನ ತುಂಡು ಆ ಓರೆ ಮುಖಕ್ಕೆ ಲಂಬವಾಗಿ ಅಷ್ಟು ಕೆಳಗೆ ಕೂರುತ್ತದೆ. ಕಾಗದದ ಮೇಲೆ ಕೋನಗಳನ್ನು ಹಾಕಿ ನೋಡಿದರೆ ಎಡ ಅಂಚಿನಲ್ಲಿ 2.25 ಒಳಗೆ, ಬಲ ಅಂಚಿನಲ್ಲಿ 0.83 ಹೊರಗೆ ಬರಬೇಕು. ಬಂದಿದ್ದೂ ಅಷ್ಟೇ!

ಸಿಲಿಂಡರಿನಲ್ಲಿ ಇದು ಯಾಕೆ ಗೊತ್ತಾಗಲಿಲ್ಲ? ಅಲ್ಲಿ ಮೇಲಿನ ತುಂಡನ್ನು ಓರೆ ಮುಖದ ಮೇಲೆ ತುಸು ಜರುಗಿಸಿದರೆ ಸರಿಯಾಗಿ ಕೂತುಬಿಡುತ್ತದೆ. ಎತ್ತರ ಮಾತ್ರ 3.4 ಮಿಮೀ ಕಡಿಮೆ ಆಗುತ್ತದೆ, ಅದನ್ನು ಯಾರು ಅಳೆಯುತ್ತಾರೆ? ಪಿರಮಿಡ್ ಮೇಲಕ್ಕೆ ಹೋದ ಹಾಗೆ ಸಣ್ಣದಾಗುತ್ತದಲ್ವಾ, ಎಷ್ಟು ಜರುಗಿಸಿದರೂ ಆರು ಅಂಚು ಒಟ್ಟಿಗೆ ಸೇರುವುದಿಲ್ಲ. ತೆಳು ಕೈಗರಗಸ ತಂದೆ. 45 ಡಿಗ್ರಿಯಲ್ಲಿ ಅದು ಎಳೆಯ ಹಿಂದೆ ಓಡಿತು, ಮುಖ ಡೊಂಕಾಯಿತು. ಎರಡು ಬೇರೆ ಬೇರೆ ಪಿರಮಿಡ್ ಮಾಡಿ ಒಂದರ ಕೆಳಭಾಗ, ಇನ್ನೊಂದರ ಮೇಲ್ಭಾಗ ಇಟ್ಟುಕೊಳ್ಳಬಹುದು. ಆದರೆ ಮರದ ಎಳೆ ತುಂಡಾಗುತ್ತದೆ. ಅದಕ್ಕೆ ಮನಸ್ಸು ಒಪ್ಪಲಿಲ್ಲ.

ಒಂದು ಭಾನುವಾರ ಅಮ್ಮ ಅಡುಗೆಮನೆಯಲ್ಲಿ ಬಾಳೆದಿಂಡು ಹೆಚ್ಚುತ್ತಿದ್ದರು. ಕತ್ತಿ ಅರ್ಧಕ್ಕೆ ಸಿಕ್ಕಿಕೊಂಡು ದಿಂಡಿನ ಎರಡೂ ಕಡೆ ಚಾಚಿ ನಿಂತಿತ್ತು. ನೋಡುತ್ತಾ ನಿಂತುಬಿಟ್ಟೆ. ಕತ್ತಿ ಅಲ್ಲೇ ಇದ್ದರೆ ದಿಂಡಿನ ಅಂಚು ಕೆಡುವುದಿಲ್ಲ! ಕಳೆದುಹೋದ 2.4 ಮಿಮೀ ಜಾಗದಲ್ಲಿ ಅಷ್ಟೇ ದಪ್ಪದ ಅಕ್ರಿಲಿಕ್ ಹಾಳೆ ಇಟ್ಟರೆ ಆಯಿತು. ಹಾಳೆಯೇ ಕಟಿಂಗ್ ಪ್ಲೇನ್.

2.4 ದಪ್ಪದ ಹಾಳೆ ನನಗೆ ಎಲ್ಲೂ ಸಿಗಲಿಲ್ಲ. 3 ಮಿಮೀ ಅಂತ ತರಿಸಿದ್ದು ಒಂದು ಮೂಲೆಯಲ್ಲಿ 2.8, ಇನ್ನೊಂದರಲ್ಲಿ 2.6. ಸಾಲದ್ದಕ್ಕೆ ನ್ಯೂಸ್ ಪೇಪರಿನಲ್ಲಿ ಸುತ್ತಿ ಕಳಿಸಿದ್ದರು, ಮೈತುಂಬ ಗೀರು. ಫೋನ್ ಮಾಡಿದರೆ 'ಎಲ್ಲಾ ಹಂಗೇ ಬರೋದು ಸರ್' ಅಂದರು. ಮಿಲಿಮೀಟರ್ ಲೆಕ್ಕದಲ್ಲಿ ದುಡ್ಡು ತಗೊಳ್ಳುವವರು ಮಿಲಿಮೀಟರ್ ಲೆಕ್ಕದಲ್ಲೇ ಮಾಲು ಕೊಡಬೇಕು. ಎರಡನೇ ಹಾಳೆ ಎಲ್ಲ ಕಡೆ 2.8 ಇತ್ತು. ಇನ್ನು ಬೇಕಾದದ್ದು 0.4. ಗಾಜಿನ ಮೇಲೆ 120 ನಂಬರ್ ಸ್ಯಾಂಡ್ ಪೇಪರ್ ಅಂಟಿಸಿ, ಕೆಳಗಿನ ತುಂಡಿನ ಓರೆ ಮುಖವನ್ನು ಮಾತ್ರ ಉಜ್ಜಿದೆ. ಮೇಲಿನ ತುಂಡನ್ನು ಮುಟ್ಟಲಿಲ್ಲ. ಕತ್ತರಿಸುವಾಗಲೇ ಗುರುತಿನ ಗೆರೆಯ ಕೆಳಗೆ ಬ್ಲೇಡ್ ಹಾಯಿಸಿದ್ದೆ, ಹಾಗಾಗಿ ಟ್ರೂ ಶೇಪ್ ಇರುವುದು ಮೇಲಿನ ತುಂಡಿನ ಮುಖದಲ್ಲೇ. ಹತ್ತು ಸಲ ಉಜ್ಜು, ಅಳೆ, ಮತ್ತೆ ಉಜ್ಜು. ಮೂರು ರಾತ್ರಿ ಹಿಡಿಯಿತು. ನಿನ್ನೆ ಪರೀಕ್ಷೆಗೆ ಹಾಳೆಯ ಸಣ್ಣ ಚೂರೊಂದನ್ನು ನಡುವೆ ಇಟ್ಟು ಸ್ಕೇಲ್ ಆನಿಸಿದ್ದು.

ಮ್ಯಾಗ್ನೆಟ್ 8 ಮಿಮೀ ಅಗಲ, 3 ಮಿಮೀ ದಪ್ಪ, ಪ್ರತಿ ಮುಖಕ್ಕೆ ಎರಡು, ಅರಾಲ್ಡೈಟ್ ಹಾಕಿ ಕೂರಿಸಿದ್ದು. ಹಾಳೆಯ ಮೂಲಕವೇ ಎಳೆಯುತ್ತವೆ. ಒಂದು ಜೋಡಿಯನ್ನು ಉಲ್ಟಾ ಹಾಕಿ. ಆಗ ಮೇಲಿನ ತುಂಡನ್ನು ತಿರುಗುಮುರುಗು ಇಟ್ಟರೆ ತಳ್ಳಿಬಿಡುತ್ತದೆ.

ಇವತ್ತು ಬೆಳಿಗ್ಗೆ ಕ್ಲಾಸಿಗೆ ಒಯ್ದೆ. 150 ಮಿಮೀ ಅಗಲದ ಹಾಳೆ ಪಿರಮಿಡ್ಡಿನ ಎರಡೂ ಕಡೆ ರೆಕ್ಕೆ ಹಾಗೆ ಚಾಚಿತ್ತು. ಒಬ್ಬ ಹುಡುಗನನ್ನು ಕೆಳಗೆ ಕೂರಿಸಿ, ಒಂದು ಕಣ್ಣು ಮುಚ್ಚಿ ನೇರ ಮುಂದಿನಿಂದ ನೋಡು ಅಂದೆ. 'ಹಾಳೆನೇ ಕಾಣ್ತಿಲ್ಲ ಸರ್, ಬರೀ ಗೆರೆ' ಅಂದ. ಅಂದವನೇ ಸುಮ್ಮನಾಗಿ, ತನ್ನ ಶೀಟಿನ ಫ್ರಂಟ್ ವ್ಯೂ ನೋಡಿಕೊಂಡ. ಆ ಓರೆ ಗೆರೆ ಅವನೇ ಎಳೆದದ್ದು.

ಆಮೇಲೆ ಹಾಳೆಯ ಮೇಲೆ ಮಾರ್ಕರ್‌ನಿಂದ ಮೇಲಿನ ತುಂಡಿನ ಸುತ್ತ ಗೆರೆ ಎಳೆಸಿ, ಹಾಳೆ ತೆಗೆದು ಟೇಬಲ್ ಮೇಲೆ ಮಲಗಿಸಿದೆವು. ಉದ್ದ 83 ಮಿಮೀ. ಶೀಟಿನ ಟ್ರೂ ಶೇಪ್ ಸರಿಯಾಗಿ ಅದರ ಅರ್ಧ. ಒಬ್ಬ ಹುಡುಗಿ ಬಿಡಲಿಲ್ಲ. 'ಟಾಪ್ ವ್ಯೂನಲ್ಲಿ ಗಿಡ್ಡ ಬರತ್ತೆ, ಹಾಗಾದ್ರೆ ಅದು ಸುಳ್ಳಾ ಸರ್?' ಎಷ್ಟು ಒಳ್ಳೆ ಪ್ರಶ್ನೆ! ಹಾಳೆಯನ್ನು ಅವಳ ಕೈಗೇ ಕೊಟ್ಟು, ಮೇಲಿನಿಂದ ನೋಡುತ್ತಾ ನಿಧಾನ ಓರೆ ಮಾಡು ಅಂದೆ. 83 ಇದ್ದದ್ದು ಕುಗ್ಗುತ್ತಾ ಕುಗ್ಗುತ್ತಾ 45 ಡಿಗ್ರಿಗೆ 59ಕ್ಕೆ ಬಂತು. ಅಗಲ ಹಾಗೇ ಉಳಿಯಿತು. ಅವಳು ನಾಲ್ಕೈದು ಸಲ ಎತ್ತಿ ಇಳಿಸಿ ನೋಡಿದಳು. ಇನ್ನೇನೂ ಕೇಳಲಿಲ್ಲ.

ಮುಂದಿನದು ಹೆಂಚಿನ ಮನೆ. ನಮ್ಮ ಕಡೆ ನಾಲ್ಕೂ ಕಡೆ ಇಳಿಜಾರಿನ ಮಾಡು ಇರುತ್ತದಲ್ಲ, ಅದರ ಮೂಲೆಗೆ ಓರೆಯಾಗಿ ಇಳಿಯುವ ತೊಲೆ ಇದೆಯಲ್ಲ, ಅದು ಹೆಚ್‌ಪಿ, ವಿಪಿ ಎರಡಕ್ಕೂ ಓರೆಯಾದ ಗೆರೆ. ಹುಡುಗರು ಅತಿ ಹೆಚ್ಚು ಹೆದರುವ ಪಾಠ. ಮಾಡು 30 ಡಿಗ್ರಿ ಇದ್ದರೆ ಮೂಲೆ ತೊಲೆ ನಿಜವಾಗಿ ಸುಮಾರು 22 ಡಿಗ್ರಿ ಮಾತ್ರ. ತೀರ್ಥಹಳ್ಳಿ ಕಡೆ ಹಳೇ ಮನೆಗಳ ಬಡಗಿಗಳು ಇದರ ಉದ್ದವನ್ನು ಹೇಗೆ ತೆಗೆಯುತ್ತಾರೆ ಅಂತ ಕೂತು ಕೇಳಬೇಕು. ಗೊತ್ತಿದ್ದವರು ಹೇಳಿ.

ಅದಕ್ಕೆ ಮೊದಲು ಇನ್ನೂ ಐದು ಪಿರಮಿಡ್ ಆಗಬೇಕು, ಟೇಬಲ್ಲಿಗೊಂದು. ಬಡಗಿ ಅಂಗಡಿಯವರು ಮುಂದಿನ ವಾರ ಬ್ಲೇಡ್ ಬದಲಿಸುತ್ತಾರಂತೆ. ಹೊಸದು ಎಷ್ಟು ತಿನ್ನುತ್ತದೋ, ಹಳೆಯದರಲ್ಲೇ ಐದನ್ನೂ ಕತ್ತರಿಸಿಕೊಡಿ ಅಂತ ನಾಳೆ ಬೆಳಿಗ್ಗೆ ಹೋಗಿ ಕೇಳುತ್ತೇನೆ.