ಲವ್‌ಲ್ಯಾಂಡ್ ಪಾಸ್‌ನಲ್ಲಿ ಸುರಿದ ಬಾಟಲಿ ನೀರು

ಲವ್‌ಲ್ಯಾಂಡ್ ಪಾಸ್‌ನ ತುದಿಗೆ ಹೋಗಿ ನಾನು ಮಾಡಿದ ಘನಕಾರ್ಯ ಅಂದರೆ ಬಾಟಲಿಯ ನೀರು ಚೆಲ್ಲಿದ್ದು. ಅರ್ಧ ಈ ಕಡೆಗೆ, ಅರ್ಧ ಆ ಕಡೆಗೆ. ಮಗಳು ಕೇಳಿದಳು, "ಅಪ್ಪಾ, ಕುಡಿಯೋಕೆ ಉಳಿಸಿದ್ಯಾ?" ಉಳಿಸಿರಲಿಲ್ಲ.

ಅಮೆರಿಕದ ಕೊಲೊರಾಡೊ ರಾಜ್ಯದ ಈ ಘಾಟಿ 11,990 ಅಡಿ ಎತ್ತರದಲ್ಲಿದೆ. ಮರಗಳು ಕೆಳಗೇ ಮುಗಿದುಹೋಗುತ್ತವೆ. ಮೇಲೆ ಬರೀ ಗಿಡ್ಡ ಹುಲ್ಲು, ಕಲ್ಲು, ಗಾಳಿ. ಜುಲೈ ತಿಂಗಳಲ್ಲೂ ಅಲ್ಲಲ್ಲಿ ಮಣ್ಣು ಹತ್ತಿದ ಹಿಮ ಉಳಿದಿತ್ತು. ಅದರ ಅಂಚಿನಿಂದ ಬೆರಳಗಲದ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಈ ಏಣು, ಅಂದರೆ ನೀರನ್ನು ಎರಡು ಸಾಗರಗಳಿಗೆ ಹಂಚುವ ಬೆಟ್ಟದ ಬೆನ್ನು, ಅದರ ಮೇಲೆ ಎಲ್ಲಿ ಬಿತ್ತು ಅನ್ನೋದರ ಮೇಲೆ ಆ ನೀರು ಯಾವ ಸಾಗರದ ಕಡೆ ಹೊರಡುತ್ತೆ ಅನ್ನೋದು ನಿಂತಿದೆ.

ಅಟ್ಲಾಂಟಿಕ್ ಪೂರ್ವಕ್ಕೆ, ಪೆಸಿಫಿಕ್ ಪಶ್ಚಿಮಕ್ಕೆ ಅಲ್ವಾ? ಇಲ್ಲಿ ಹಾಗಿಲ್ಲ. ಈ ಜಾಗದಲ್ಲಿ ಏಣು ಅಡ್ಡಕ್ಕೆ ತಿರುಗಿದೆ. ಉತ್ತರದ ಇಳಿಜಾರು ಅಟ್ಲಾಂಟಿಕ್‌ನದು, ದಕ್ಷಿಣದ್ದು ಪೆಸಿಫಿಕ್‌ನದು. ಫೋನಿನ ದಿಕ್ಸೂಚಿ ಕೆಟ್ಟಿದೆ ಅಂತ ನಾನು ಅದನ್ನು ಎರಡು ಸಲ ಕುಲುಕಿದ್ದೆ.

ಉತ್ತರಕ್ಕೆ ಚೆಲ್ಲಿದ್ದು ಕ್ಲಿಯರ್ ಕ್ರೀಕ್ ಸೇರಿ, ಪ್ಲಾಟ್, ಮಿಸೌರಿ, ಮಿಸಿಸಿಪ್ಪಿ ಹಿಡಿದು ಮೆಕ್ಸಿಕೊ ಕೊಲ್ಲಿಯ ದಾರಿ. ದಕ್ಷಿಣದ್ದು ಸ್ನೇಕ್ ಅನ್ನುವ ಪುಟ್ಟ ನದಿ ಸೇರಿ ಡಿಲನ್ ಜಲಾಶಯಕ್ಕೆ, ಅಲ್ಲಿಂದ ಬ್ಲೂ ನದಿ, ಆಮೇಲೆ ಕೊಲೊರಾಡೊ ನದಿ. ಆ ಕೊಲೊರಾಡೊ ಈಗ ಹೆಚ್ಚಿನ ವರ್ಷ ಸಮುದ್ರ ಮುಟ್ಟುವುದೇ ಇಲ್ಲ. ದಾರಿಯಲ್ಲೇ ಹೊಲ, ಊರುಗಳು ಕುಡಿದುಬಿಡುತ್ತವೆ.

ಇಳಿಯುವಾಗ ಪೆಟ್ರೋಲ್ ಟ್ಯಾಂಕರ್ ಒಂದು ಏದುಸಿರು ಬಿಡುತ್ತಾ ಎದುರಿಗೆ ಬಂತು. ಕೆಳಗೆ 1973ರಲ್ಲಿ ತೆರೆದ ಐಸೆನ್‌ಹೋವರ್ ಸುರಂಗವಿದೆ. ಆದರೆ ಬೆಂಕಿ ಹತ್ತುವ ಸರಕಿಗೆ ಅಲ್ಲಿ ಸಾಮಾನ್ಯವಾಗಿ ಪ್ರವೇಶ ಇಲ್ಲ. ಪಾಪ, ಈ ತಿರುವುಗಳನ್ನೆಲ್ಲ ಹತ್ತಲೇಬೇಕು.

ರಾತ್ರಿ ಡೆನ್ವರ್‌ಗೆ ಬಂದು ನಕ್ಷೆ ಬಿಡಿಸಿದಾಗ ಇನ್ನೊಂದು ಸುರಂಗ ಕಣ್ಣಿಗೆ ಬಿತ್ತು. ಹೆಸರು ರಾಬರ್ಟ್ಸ್, 23 ಮೈಲಿ ಉದ್ದ. ಡಿಲನ್‌ನ ನೀರನ್ನು ಏಣಿನ ಅಡಿಯಿಂದಲೇ ಈ ಕಡೆಗೆ, ಡೆನ್ವರ್‌ಗೆ ತರುತ್ತದೆ. ಈ ಊರು ಕುಡಿಯುವ ನೀರಿನಲ್ಲಿ ಸುಮಾರು ಅರ್ಧ ಆ ಬದಿಯದ್ದೇ. ನನ್ನ ಬಾಟಲಿ ತುಂಬಿಸಿದ್ದು ಇದೇ ಅಡುಗೆಮನೆ ನಲ್ಲಿಯಲ್ಲಿ!

ಮಗಳಿಗೆ ಹೇಳಿದೆ. ಅವಳು ಲೋಟ ಹಿಡಿದು ನಲ್ಲಿ ತಿರುಗಿಸಿದಳು. "ಚೆಲ್ಲಿದ್ದು ವಾಪಸ್ ಬಂತಾ ನೋಡ್ತೀನಿ."