ನಿಮ್ಮ ಮನೆಗೆ ಪೊಲೀಸರು ಬರುವುದಿಲ್ಲವೇ?

"ಯಾರ್ಯಾರಿಗೋ ಮನ್ಯಾಗಿನ ನೆಟ್ ಕೊಡ್ಲತ್ತೀರಂತಲ್ರೀ, ನಾಳಿ ಪೊಲೀಸರು ಬಂದ್ರ ಏನು ಗತಿ?" ಕಲಬುರಗಿಯಲ್ಲಿ ನನ್ನನ್ನು ಬಲ್ಲವರೆಲ್ಲ ಇದನ್ನು ಕೇಳಿಯಾಗಿದೆ. ಬಾಯಲ್ಲಿ ಹೇಳಿ ಸಾಕಾಗಿರುವುದರಿಂದ ಬರೆದಿಡುತ್ತಿದ್ದೇನೆ.

ಯಾರು ಏನು ಓದುತ್ತಿದ್ದಾರೆಂಬುದು ಹೊರಗಿನವರಿಗೆ ತಿಳಿಯದಂತೆ ಮಾಹಿತಿಯನ್ನು ಹಲವು ಕಂಪ್ಯೂಟರ್‌ಗಳ ಮೂಲಕ ಸಾಗಿಸುವ ಜಾಲದ ಹೆಸರು ಟಾರ್. ನನ್ನ ಬ್ರೌಸರ್‌ನಲ್ಲಿರುವುದು ಆ ಸಂಸ್ಥೆಯ ಸ್ನೋಫ್ಲೇಕ್ ಎಂಬ ಎಕ್ಸ್‌ಟೆನ್ಷನ್. ಟಾರ್ ಜಾಲಕ್ಕೇ ತಡೆಯೊಡ್ಡಿರುವ ದೇಶದವರು ಅದನ್ನು ತಲುಪಲು ಮೊದಲ ಹಂತವಾಗಿ ನನ್ನ ಸಂಪರ್ಕವನ್ನು ಬಳಸುತ್ತಾರೆ. ಬ್ರೌಸರ್‌ನಲ್ಲಿ ವಿಡಿಯೊ ಕರೆ ನಡೆಸುವ ವೆಬ್‌ಆರ್‌ಟಿಸಿ ತಂತ್ರಜ್ಞಾನವೇ ಇದಕ್ಕೂ ಆಧಾರ. ಅವರ ಮಾಹಿತಿ ಗೂಢಲಿಪಿಯಲ್ಲೇ ಬಂದು, ಗೂಢಲಿಪಿಯಲ್ಲೇ ಟಾರ್ ಜಾಲದ ಬಾಗಿಲಾದ ಬ್ರಿಡ್ಜ್ ಸರ್ವರ್‌ಗೆ ಹೋಗಿ, ಮಾಹಿತಿಯನ್ನು ಒಂದರಿಂದೊಂದಕ್ಕೆ ದಾಟಿಸುವ ಟಾರ್‌ನ ಇತರ ಕಂಪ್ಯೂಟರ್‌ಗಳನ್ನು, ಅಂದರೆ ರಿಲೇಗಳನ್ನು, ದಾಟಿ ಹೊರಬೀಳುತ್ತದೆ. ಅವರು ಏನು ಓದಿದರೆಂಬುದು ನನಗೆ ಕಾಣುವುದಿಲ್ಲ, ಅವರು ತೆರೆದ ಜಾಲತಾಣಕ್ಕೆ ನನ್ನ ಐಪಿ ವಿಳಾಸವೂ ಕಾಣುವುದಿಲ್ಲ. ಅಲ್ಲಿ ಕಾಣುವುದು ಕೊನೆಯ ಎಕ್ಸಿಟ್ ರಿಲೇಯ ವಿಳಾಸ. ಎಕ್ಸಿಟ್ ರಿಲೇಯನ್ನು ಮನೆಯಿಂದ ನಡೆಸಬೇಡಿ ಎಂದು ಟಾರ್‌ನವರೇ ಎಚ್ಚರಿಸುತ್ತಾರೆ. ನಾನು ನಡೆಸುವುದೂ ಇಲ್ಲ. ಪೊಲೀಸರ ಮಾತು ಇಲ್ಲಿಗೆ ಮುಗಿಯಬೇಕು.

ಮುಗಿಯುವುದಿಲ್ಲ. ಹುಮನಾಬಾದಿನಲ್ಲಿ ಒಂದು ನಿಶ್ಚಿತಾರ್ಥದ ಊಟಕ್ಕೆ ಕುಳಿತಾಗ ಹಿರಿಯ ಬಂಧುವೊಬ್ಬರು, "ಕದ್ದು ನೋಡೋರಿಗಿ ನೀ ಯಾಕ ಆಸರಾಗ್ತಿ ತಮ್ಮಾ?" ಎಂದು ಪಂಕ್ತಿಗೆಲ್ಲ ಕೇಳುವಂತೆ ಅಂದರು. ಹೋಳಿಗೆ ಬಡಿಸುತ್ತಿದ್ದ ಹುಡುಗ ಬುಟ್ಟಿ ಹಿಡಿದು ನಿಂತೇಬಿಟ್ಟ. ತಪ್ಪು ಮಾಡಿದವರಷ್ಟೇ ಮರೆಯಲ್ಲಿ ಓದುತ್ತಾರೆಂಬ ಅವರ ನಿಶ್ಚಯ ನನ್ನನ್ನು ಇಂದಿಗೂ ಕೆರಳಿಸುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಪೊಲೀಸರ ವಶದಲ್ಲಿದ್ದ ಯುವತಿ ಮಹ್ಸಾ ಅಮಿನಿಯವರ ಸಾವಿನ ನಂತರ ಪ್ರತಿಭಟನೆಗಳು ಹಬ್ಬಿದಾಗ ಇರಾನ್ ಸರ್ಕಾರ ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್‌ಗಳನ್ನು ತಡೆಯಿತು. ಸ್ನೋಫ್ಲೇಕ್ ಬಳಕೆ ಅಲ್ಲಿ ಥಟ್ಟನೆ ಏರಿದ್ದು ಆಗಲೇ. ರಷ್ಯಾ 2021ರ ಡಿಸೆಂಬರ್‌ನಲ್ಲಿ ಟಾರ್‌ಗೆ ತಡೆಯೊಡ್ಡಿತು, ಉಕ್ರೇನ್ ಯುದ್ಧ ಆರಂಭವಾದ ಮೇಲೆ 2022ರ ಮಾರ್ಚ್‌ನಲ್ಲಿ ಬಿಬಿಸಿಯ ತಾಣಕ್ಕೂ ಫೇಸ್‌ಬುಕ್ಕಿಗೂ ಬೀಗ ಬಿತ್ತು. ತನ್ನ ಬೀದಿಯಲ್ಲಿ ನಡೆದದ್ದನ್ನೇ ಓದಬಯಸಿದವಳು ಯಾರದ್ದೇನು ಕದ್ದಳು?

ಕರೆಂಟ್ ಹೋದಾಗ ಆ ಕಡೆಯವರು ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದ್ದರೆ ಸಂತೋಷದಿಂದ ಕೂತು ವಿವರಿಸುತ್ತಿದ್ದೆ. ಬೇಸಿಗೆಯಲ್ಲಿ ನಮ್ಮ ಓಣಿಯ ಕರೆಂಟ್ ಹೋಗಿ ರೌಟರ್ ಆರಿದೊಡನೆ ಅವರ ಸಂಪರ್ಕದ ಈ ಕೊಂಡಿ ಕಡಿಯುತ್ತದೆ. ಆದರೆ ಅವರ ಟಾರ್ ಬ್ರೌಸರ್ ಬ್ರೋಕರ್ ಎಂಬ ಸರ್ವರ್‌ನಿಂದ ಇನ್ನೊಬ್ಬ ಸ್ವಯಂಸೇವಕರ ಸಂಪರ್ಕವನ್ನು ಪಡೆದು, ನಿಂತಲ್ಲಿಂದಲೇ ಕೆಲಸ ಮುಂದುವರಿಸುತ್ತದೆ. ಹೀಗೆ ಬಂದು ಹೋಗುವ ಮನೆ ಸಂಪರ್ಕಗಳು ಸಾವಿರಾರು ಇರುವುದರಿಂದಲೇ ಅವುಗಳ ಪಟ್ಟಿ ಮಾಡಿ ಮುಚ್ಚುವುದು ಸರ್ಕಾರಗಳಿಗೆ ಕಷ್ಟ. ಯಾರಾದರೂ ಸೇರಿಕೊಂಡಾಗ ಎಕ್ಸ್‌ಟೆನ್ಷನ್‌ನ ನೇರಳೆ ಗುರುತು ಹಸಿರಾಗುತ್ತದೆ. ಅವರು ಯಾರೆಂದು ತಿಳಿಯುವ ಆಸೆ ನನಗಿಲ್ಲ.

ಇಂಟರ್‌ನೆಟ್ಟನ್ನೇ ಪೂರ್ತಿ ಕಡಿದ ಕಡೆ ಇದು ಕೆಲಸಕ್ಕೆ ಬಾರದು. 2019ರ ಆಗಸ್ಟ್‌ನಲ್ಲಿ ಕಾಶ್ಮೀರದವರಿಗೆ ನನ್ನಿಂದ ಯಾವ ಉಪಯೋಗವೂ ಆಗುತ್ತಿರಲಿಲ್ಲ. ಡೇಟಾ ಮಿತಿಯಿರುವ ಮೊಬೈಲ್ ಪ್ಯಾಕ್ ಇರುವವರು ಇದನ್ನು ಹಾಕಿಕೊಳ್ಳಬೇಡಿ. ಮನೆಯಲ್ಲಿ ಫೈಬರ್ ಇದ್ದು, ರಾತ್ರಿಯಿಡೀ ಕಂಪ್ಯೂಟರ್ ಚಾಲೂ ಇರುವವರು ದಯವಿಟ್ಟು ಹಾಕಿಕೊಳ್ಳಿ. ಹಾಕಿಕೊಳ್ಳುವುದು ಗೊತ್ತಾಗದಿದ್ದರೆ ನಾನೇ ಬಂದು ಹಾಕಿಕೊಡುತ್ತೇನೆ.